ಹಾರ್ಪ್ಸಿಕಾರ್ಡ್ ಕೀಬೋರ್ಡನ್ನು 415ರಿಂದ 440ಕ್ಕೆ ಸರಿಸಿದರೆ ಸಿ ಮೇಜರ್ ಯಾಕೆ ಕೆಡುತ್ತದೆ?

ವಾದಿಸಂವಾದಿ:
ಎಲ್ಲರಿಗೂ ನಮಸ್ಕಾರ. ಎರಡು ಕೀಬೋರ್ಡಿನ ಫ್ರೆಂಚ್ ಮಾದರಿಯ ಹಾರ್ಪ್ಸಿಕಾರ್ಡ್ (ಕೀ ಒತ್ತಿದರೆ ತಂತಿ ಮಿಡಿಯುವ, ಪಿಯಾನೊದಂಥ ವಾದ್ಯ). 8 ಅಡಿಯ (ಬರೆದ ಸ್ವರವನ್ನೇ ನುಡಿಯುವ) ಎರಡು ಸಾಲು ತಂತಿ, 4 ಅಡಿಯದು (ಒಂದು ಆಕ್ಟೇವ್ ಮೇಲೆ ನುಡಿಯುವುದು) ಒಂದು ಸಾಲು. ಕೀಬೋರ್ಡನ್ನು ಪಕ್ಕಕ್ಕೆ ಸರಿಸಿ 415 ಮತ್ತು 440 (ಎ ಸ್ವರದ ಹರ್ಟ್ಸ್) ಎರಡರಲ್ಲೂ ನುಡಿಸುವ ಏರ್ಪಾಡು ಇದೆ. ಈಗ ಎ = 415ಕ್ಕೆ ವಲ್ಲೊಟ್ಟಿ ಟೆಂಪರಮೆಂಟಿನಲ್ಲಿ (ಹನ್ನೆರಡು ಸ್ವರಗಳ ಅಂತರಗಳನ್ನು ಹೊಂದಿಸುವ ಒಂದು ಕ್ರಮ) ಶ್ರುತಿ ಮಾಡಿದೆ. ಆ ಸ್ಥಾನದಲ್ಲಿ ಸಿ, ಎಫ್, ಜಿ ಮೇಜರ್ ಮೂರೂ ಹಿತವಾಗಿವೆ. ಮುಂದಿನ ಕಛೇರಿಗೆ ಬರುವ ಫ್ಲೂಟ್, ವಯೊಲಿನ್ ಈಗಿನ ಕಾಲದವು, ಹಾಗಾಗಿ 440 ಬೇಕು. ಕೀಬೋರ್ಡನ್ನು ಒಂದು ಮನೆ ಮೇಲಕ್ಕೆ ಸರಿಸಿದ ಕೂಡಲೇ ಅದೇ ಸಿ ಮೇಜರ್, ಎಫ್ ಮೇಜರ್ ಒರಟಾಗಿ ಕೇಳುತ್ತಿವೆ. ಎ ಕೀ ಒತ್ತಿದರೆ ಟ್ಯೂನರ್ 441ಕ್ಕಿಂತ ಸ್ವಲ್ಪ ಮೇಲೆ ತೋರಿಸುತ್ತದೆ.

ಕಾರಣ ಏನು? ಕೀಬೋರ್ಡನ್ನು 415ರ ಜಾಗದಲ್ಲೇ ಬಿಟ್ಟು ತಂತಿಗಳನ್ನೇ ಒಂದು ಸೆಮಿಟೋನ್ (ಪಕ್ಕದ ಕೀಯಷ್ಟು) ಏರಿಸಬಹುದೇ? ಮುಖ್ಯ ಕೃತಿ ಬಾಖ್‌ನ 5ನೇ ಬ್ರಾಂಡೆನ್‌ಬರ್ಗ್ ಕಾನ್ಚೆರ್ಟೊ.

ಬಿರಡೆ:
ಎರಡನೆಯ ಪ್ರಶ್ನೆಗೆ ಮೊದಲು ಉತ್ತರ: ದಯವಿಟ್ಟು ಏರಿಸಬೇಡಿ. ಒಂದು ಸೆಮಿಟೋನ್ ಏರಿಸಿದರೆ ಪ್ರತಿ ತಂತಿಯ ಎಳೆತ ಶೇ. 12ರಷ್ಟು ಹೆಚ್ಚುತ್ತದೆ. 61 ಕೀ, ಮೂರು ಸಾಲು ಅಂದರೆ 180ಕ್ಕೂ ಹೆಚ್ಚು ತಂತಿಗಳು. ಅಷ್ಟೂ ಹೆಚ್ಚುವರಿ ಭಾರ ಪೆಟ್ಟಿಗೆಯ ಮೇಲೂ ಸೌಂಡ್‌ಬೋರ್ಡ್ ಮೇಲೂ ಬೀಳುತ್ತದೆ. ಹಾರ್ಪ್ಸಿಕಾರ್ಡ್ ತಂತಿಗಳನ್ನು ಕಡಿಯುವ ಮಿತಿಗೆ ಹತ್ತಿರವಾಗಿಯೇ ಕಟ್ಟಿರುತ್ತಾರೆ, ನಾದ ಚೆನ್ನಾಗಿ ಬರುವುದೇ ಅಲ್ಲಿ. ಮೊದಲು ಹೋಗುವುದು ಮೇಲಿನ ಸ್ವರಗಳ ತೆಳು ಕಬ್ಬಿಣದ ತಂತಿ, ಆಮೇಲೆ ಹಿತ್ತಾಳೆ ತಂತಿಗಳು. ಕೀಬೋರ್ಡ್ ಸರಿಸುವ ಏರ್ಪಾಡು ಇರುವುದೇ ಇದನ್ನು ತಪ್ಪಿಸಲಿಕ್ಕೆ.

ಈಗ ಕಾರಣ. ಸರಿಯುವುದು ಕೀಬೋರ್ಡ್, ತಂತಿಯಲ್ಲ. ಟೆಂಪರಮೆಂಟ್ ಇರುವುದು ತಂತಿಯಲ್ಲಿ. 440ರ ಸ್ಥಾನದಲ್ಲಿ ಸಿ ಕೀ ಒತ್ತಿದರೆ ಮಿಡಿಯುವುದು ನೀವು ಸಿ ಶಾರ್ಪ್ ಎಂದು ಶ್ರುತಿ ಮಾಡಿದ ತಂತಿ, ಇ ಕೀ ಒತ್ತಿದರೆ ಎಫ್ ತಂತಿ. ನಿಮಗೆ ಕೇಳುತ್ತಿರುವ ಸಿ ಮೇಜರ್ ವಲ್ಲೊಟ್ಟಿಯ ಸಿ ಶಾರ್ಪ್ ಮೇಜರ್.

ಅಂಕಿಗಳಲ್ಲಿ ನೋಡೋಣ. (ಪಂಚಮ ಅಂದರೆ ಫಿಫ್ತ್, ಗಾಂಧಾರ ಅಂದರೆ ಮೇಜರ್ ಥರ್ಡ್ ಎಂದಿಟ್ಟುಕೊಳ್ಳಿ.) ಹನ್ನೆರಡು ಶುದ್ಧ ಪಂಚಮಗಳನ್ನು ಒಂದರ ಮೇಲೊಂದು ಜೋಡಿಸಿದರೆ ಏಳು ಆಕ್ಟೇವ್ ದಾಟಿ 23.5 ಸೆಂಟ್ (ಸೆಮಿಟೋನಿನ ನೂರನೇ ಒಂದು ಭಾಗ ಒಂದು ಸೆಂಟ್) ಮಿಗುತ್ತದೆ. ಅದನ್ನು ಎಲ್ಲಾದರೂ ಕಳೆಯಲೇಬೇಕು. ಈಕ್ವಲ್ ಟೆಂಪರಮೆಂಟ್ ಹನ್ನೆರಡಕ್ಕೂ ಸಮನಾಗಿ ಹಂಚುತ್ತದೆ. ವಲ್ಲೊಟ್ಟಿ ಎಫ್-ಸಿ-ಜಿ-ಡಿ-ಎ-ಇ-ಬಿ ನಡುವಿನ ಆರು ಪಂಚಮಗಳಿಂದ ಮಾತ್ರ ತಲಾ 3.9 ಸೆಂಟ್ ಕಳೆದು, ಉಳಿದ ಆರನ್ನು ಶುದ್ಧವಾಗಿ ಬಿಡುತ್ತಾನೆ. ಹಾಗಾಗಿ ಎಫ್-ಎ, ಸಿ-ಇ, ಜಿ-ಬಿ ಗಾಂಧಾರಗಳು 392.2 ಸೆಂಟ್, ಶುದ್ಧ ಗಾಂಧಾರಕ್ಕಿಂತ (386.3) ಆರು ಸೆಂಟ್ ಮಾತ್ರ ಹೆಚ್ಚು. ಎದುರು ಬದಿಯ ಬಿ, ಎಫ್ ಶಾರ್ಪ್, ಸಿ ಶಾರ್ಪ್ ಮೇಜರ್‌ಗಳ ಗಾಂಧಾರ 407.8 ಸೆಂಟ್. ಕೀಬೋರ್ಡ್ ಸರಿಸಿದ ಮೇಲೆ ನಿಮ್ಮ ಸಿ ಮತ್ತು ಎಫ್ ಮೇಜರ್ ಕೂತಿರುವುದು ಸರಿಯಾಗಿ ಆ ಸಿ ಶಾರ್ಪ್, ಎಫ್ ಶಾರ್ಪ್ ಮೇಲೆ. ಎ ಕೀಗೆ ಸಿಕ್ಕಿದ ಬಿ ಫ್ಲಾಟ್ ತಂತಿ ವಲ್ಲೊಟ್ಟಿಯಲ್ಲಿ ಈಕ್ವಲ್‌ಗಿಂತ 5.9 ಸೆಂಟ್ ಮೇಲಿರುತ್ತದೆ, ಆದ್ದರಿಂದಲೇ 441.2. ಟ್ಯೂನರ್ ಸರಿಯಾಗಿಯೇ ಹೇಳುತ್ತಿದೆ.

ಅಲ್ಲಲ್ಲಿ ನಾಲ್ಕು ತಂತಿ ತಿದ್ದಿದರೆ ಸಾಲದು. ಹನ್ನೆರಡು ಸ್ವರಗಳೂ ಬದಲಾಗಬೇಕು, ಕೆಲವು 2 ಸೆಂಟ್, ಕೆಲವು ಸುಮಾರು 10. ಒಂದು ಸೆಮಿಟೋನ್ ಅಂದರೆ ಪಂಚಮ ಚಕ್ರದಲ್ಲಿ (ಪಂಚಮದ ಮೇಲೆ ಪಂಚಮವಾಗಿ ಹನ್ನೆರಡು ಸ್ವರಗಳನ್ನು ಸುತ್ತಿಬರುವ ಸಾಲು) ಏಳು ಹೆಜ್ಜೆ. ಚಕ್ರದ ಹಿತವಾದ ಭಾಗ ಬಹುತೇಕ ಎದುರಿಗೇ ಹೋಗಿ ನಿಲ್ಲುತ್ತದೆ. 415ಕ್ಕೂ 440ಕ್ಕೂ ಒಂದೇ ಶ್ರುತಿ ಸಾಕು ಅನ್ನುವವರಿಗೆ ಈಕ್ವಲ್ ಬಿಟ್ಟರೆ ದಾರಿಯಿಲ್ಲ, ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. 392ರಿಂದ 440ಕ್ಕೆ ಸರಿಸುವ ವಾದ್ಯದಲ್ಲಿ ತೊಂದರೆ ಇಷ್ಟಿಲ್ಲ: ಎರಡು ಸೆಮಿಟೋನ್, ಚಕ್ರದಲ್ಲಿ ಎರಡೇ ಹೆಜ್ಜೆ. ಅಲ್ಲಿ ಸಿ ಮೇಜರ್‌ಗೆ ಡಿ ಮೇಜರ್‌ನ 396 ಸೆಂಟ್ ಗಾಂಧಾರ ಸಿಗುತ್ತದೆ, ಈಕ್ವಲ್‌ಗಿಂತ ಈಗಲೂ ಉತ್ತಮ.

ಮಂದ್ರತಂತಿ:
ಬಿರಡೆ ಅವರು ಹೇಳಿದ್ದು ಸರಿ. ಕೀಬೋರ್ಡನ್ನು 440ರಲ್ಲಿ ಕೂರಿಸಿ, ಹೊಸದಾಗಿ ಶ್ರುತಿ ಮಾಡಿ. ಕಿವಿಯಿಂದ ಮಾಡುವ ಕ್ರಮ ಕೊಡುತ್ತೇನೆ. ಸಿ4 ಅಂದರೆ ಮಧ್ಯದ ಸಿ. 8 ಅಡಿಯ ಒಂದು ಸಾಲು ಮಾತ್ರ ಆನ್ ಇರಲಿ, ಉಳಿದೆರಡು ಆಫ್.

ಟ್ಯೂನಿಂಗ್ ಫೋರ್ಕಿನಿಂದ ಎ4, ಅದರಿಂದ ಎ3. ಎ4ರಿಂದ ಕೆಳಗೆ ಡಿ4: ಮೊದಲು ಬೀಟ್ (ಎರಡು ಸ್ವರ ಪೂರ್ತಿ ಹೊಂದದಿದ್ದಾಗ ಕೇಳುವ ಏರಿಳಿತ) ಪೂರ್ತಿ ನಿಲ್ಲುವಂತೆ ಶುದ್ಧ ಪಂಚಮ ಮಾಡಿ, ಆಮೇಲೆ ಸೆಕೆಂಡಿಗೆ 2 ಬೀಟ್ ಬರುವಷ್ಟು ಡಿಯನ್ನು ಏರಿಸಿ. ಡಿ4ರಿಂದ ಜಿ3, 1.3 ಬೀಟ್. ಜಿ3ರಿಂದ ಜಿ4, ಅಲ್ಲಿಂದ ಕೆಳಗೆ ಸಿ4, 1.8 ಬೀಟ್. ಸಿ4ರಿಂದ ಎಫ್3, 1.2. ಇನ್ನು ಮೇಲ್ಮುಖವಾಗಿ: ಎ3ರಿಂದ ಇ4, 1.5 ಬೀಟ್, ಇ4ರಿಂದ ಬಿ4, 2.2 ಬೀಟ್. ಇವೆರಡರಲ್ಲಿ ಮೇಲಿನ ಸ್ವರವನ್ನು ಇಳಿಸಬೇಕು. ಬಿ4ರಿಂದ ಬಿ3 ತೆಗೆದುಕೊಳ್ಳಿ.

ಎಲ್ಲರೂ ಎಡವುವುದು ಇಲ್ಲೇ. ಕೆಳಮುಖವಾಗಿ ಶ್ರುತಿ ಮಾಡುವಾಗ ಡಿಯನ್ನು ಏರಿಸುವ ಬದಲು ಇಳಿಸಿದರೂ 2 ಬೀಟ್ ಕೇಳುತ್ತದೆ. ಪಂಚಮ ಕಿರಿದಾಗಿದೆಯೋ ಹಿಗ್ಗಿದೆಯೋ ಬೀಟ್ ಎಣಿಸಿ ತಿಳಿಯುವುದಿಲ್ಲ. ಅದಕ್ಕೇ ಪ್ರತಿ ಸಲ ಶುದ್ಧಕ್ಕೆ ಬಂದು, ಗೊತ್ತಿರುವ ದಿಕ್ಕಿಗೆ ಸರಿಯುವುದು. ಅಷ್ಟಾದ ಮೇಲೆ ಗಾಂಧಾರ ಪರೀಕ್ಷೆ: ಎಫ್3-ಎ3 ಸೆಕೆಂಡಿಗೆ 3 ಬೀಟ್, ಜಿ3-ಬಿ3 3.3, ಸಿ4-ಇ4 4.5. ಮೂರೂ ಹಿಗ್ಗಿದ ಗಾಂಧಾರಗಳು. ಸಿ-ಇ 10ರ ಹತ್ತಿರ ಹೋದರೆ ನೀವು ಈಕ್ವಲ್ ಮಾಡಿದ್ದೀರಿ. ಬೀಟ್ ನಿಂತೇ ಹೋದರೆ ಪಂಚಮಗಳನ್ನು ಅತಿಯಾಗಿ ಕಿರಿದು ಮಾಡಿದ್ದೀರಿ.

ಉಳಿದವೆಲ್ಲ ಶುದ್ಧ. ಬಿ3ರಿಂದ ಎಫ್ ಶಾರ್ಪ್4, ಆಕ್ಟೇವ್ ಇಳಿದು ಎಫ್ ಶಾರ್ಪ್3, ಅಲ್ಲಿಂದ ಸಿ ಶಾರ್ಪ್4, ಜಿ ಶಾರ್ಪ್4, ಮತ್ತೆ ಇಳಿದು ಜಿ ಶಾರ್ಪ್3. ಇನ್ನೊಂದು ಕಡೆ ಎಫ್3ರಿಂದ ಎಫ್4, ಬಿ ಫ್ಲಾಟ್3, ಬಿ ಫ್ಲಾಟ್4, ಇ ಫ್ಲಾಟ್4. ಜಿ ಶಾರ್ಪ್3 ಮತ್ತು ಇ ಫ್ಲಾಟ್4ರ ಪಂಚಮವನ್ನು ನೀವು ಶ್ರುತಿ ಮಾಡಿಲ್ಲ. ಅದು ತಾನಾಗಿ ಶುದ್ಧ ಬಂದರೆ ಲೆಕ್ಕ ತಾಳೆಯಾಯಿತು. ಬೀಟ್ ಬಂದರೆ ಇ ಫ್ಲಾಟನ್ನು ಕೂದಲೆಳೆಯಷ್ಟು ಏರಿಸಿ ನೋಡಿ. ಬೀಟ್ ನಿಧಾನವಾದರೆ ಆ ಪಂಚಮ ಕಿರಿದು, ಅಂದರೆ ಮೊದಲಿನ ಆರು ಪಂಚಮಗಳಲ್ಲಿ ಸಾಕಷ್ಟು ಕಳೆದಿಲ್ಲ. ಜೋರಾದರೆ ಹೆಚ್ಚು ಕಳೆದಿದ್ದೀರಿ. ತಪ್ಪನ್ನು ಇ ಫ್ಲಾಟ್ ಮೇಲೆ ಹೊರಿಸಿ ಮುಗಿಸಬೇಡಿ, ಡಿ-ಜಿ-ಸಿ ಕಡೆಗೇ ಹಿಂತಿರುಗಿ.

ಮುಂದೆ ಆ ಸಾಲನ್ನು ಆಕ್ಟೇವ್‌ಗಳಿಂದ ಎರಡೂ ಕಡೆ ಬೆಳೆಸಿ. ಎರಡನೆಯ 8 ಅಡಿಯನ್ನು ಮೊದಲನೆಯದಕ್ಕೆ ಯೂನಿಸನ್ ಆಗಿ ಸೇರಿಸಿ. 4 ಅಡಿ ಕೊನೆಗೆ.

ವಾದಿಸಂವಾದಿ:
ತುಂಬಾ ಉಪಕಾರವಾಯಿತು. ಇನ್ನೆರಡು ಸಂದೇಹ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ತಂಬೂರಿಯ ಮಂದ್ರ ಷಡ್ಜದಲ್ಲಿ ಮೊಳಗುವ ಅಂತರ ಗಾಂಧಾರವೇ ಗಾಂಧಾರ. 392 ಸೆಂಟ್ ಕೂಡ ಸ್ವಲ್ಪ ಮೇಲೆ ಅನ್ನಿಸುತ್ತದೆ. ಶುದ್ಧ ಗಾಂಧಾರ ಇಟ್ಟೇ ಯಾಕೆ ಶ್ರುತಿ ಮಾಡಬಾರದು? ಇನ್ನೊಂದು, ಆ್ಯಪ್‌ನಲ್ಲಿ ವಲ್ಲೊಟ್ಟಿ ಆರಿಸಿ ಮಾಡಿದರೆ ಆಗದೇ?

ಬಿರಡೆ:
ಮಾಡಬಹುದು, 16 ಮತ್ತು 17ನೇ ಶತಮಾನದಲ್ಲಿ ಮಾಡುತ್ತಲೂ ಇದ್ದರು. ಕ್ವಾರ್ಟರ್ ಕಾಮಾ ಮೀನ್‌ಟೋನ್ ಅಂದರೆ ಅದೇ. ಪ್ರತಿ ಪಂಚಮದಿಂದ 5.4 ಸೆಂಟ್ ಕಳೆದರೆ ಎಂಟು ಗಾಂಧಾರಗಳು ತಂಬೂರಿಯಲ್ಲಿ ಮೊಳಗುವಷ್ಟೇ ಶುದ್ಧವಾಗಿ ಬರುತ್ತವೆ. ಬೆಲೆ ತೆರಬೇಕಾದ್ದು ಉಳಿದ ನಾಲ್ಕರಲ್ಲಿ: ಅವು 427 ಸೆಂಟ್, ಗಾಂಧಾರ ಎಂದು ಗುರುತು ಹಿಡಿಯುವುದೇ ಕಷ್ಟ. ಜಿ ಶಾರ್ಪ್-ಇ ಫ್ಲಾಟ್ ಪಂಚಮ ಶುದ್ಧಕ್ಕಿಂತ 36 ಸೆಂಟ್ ಹಿಗ್ಗಿ ಊಳಿಡುತ್ತದೆ, ಅದಕ್ಕೇ ಅದರ ಹೆಸರು ವುಲ್ಫ್ (ತೋಳ). ನಮ್ಮಲ್ಲಿ ಷಡ್ಜ ಕದಲುವುದಿಲ್ಲ, ಶುದ್ಧ ಗಾಂಧಾರ ಇಟ್ಟುಕೊಂಡು ಇಡೀ ರಾಗ ಹಾಡಬಹುದು. ಬಾಖ್‌ನಲ್ಲಿ ಆಧಾರ ಸ್ವರವೇ ಒಂದು ಪುಟದೊಳಗೆ ನಾಲ್ಕು ಕಡೆ ಹೋಗಿ ಬರುತ್ತದೆ. 17ನೇ ಶತಮಾನದ ಇಟಲಿಯ ಫ್ರೆಸ್ಕೊಬಾಲ್ಡಿ ನುಡಿಸುವುದಾದರೆ ಮೀನ್‌ಟೋನ್ ಬಿಟ್ಟು ಬೇರೆ ಯೋಚಿಸಲೇಬೇಡಿ, ಅದರ ಸೊಗಸೇ ಬೇರೆ. 5ನೇ ಬ್ರಾಂಡೆನ್‌ಬರ್ಗ್‌ನ ನಡುವಿನ ಭಾಗ ಬಿ ಮೈನರ್. ಅದರ ನಿಲುಗಡೆಗಳಿಗೆ ಎಫ್ ಶಾರ್ಪ್ ಮೇಜರ್ ಬೇಕು, ಮೀನ್‌ಟೋನ್‌ನಲ್ಲಿ ಎ ಶಾರ್ಪೇ ಇಲ್ಲ, ಇರುವುದು ಬಿ ಫ್ಲಾಟ್.

ಆ್ಯಪ್ ಧಾರಾಳವಾಗಿ ಬಳಸಿ, ಆದರೆ ಅದು ಯಾವ ಸ್ವರವನ್ನು ಸೊನ್ನೆ ಮಾಡಿಕೊಂಡಿದೆ ನೋಡಿ. ಎ ಸೊನ್ನೆಯಾಗಿದ್ದರೆ ವಲ್ಲೊಟ್ಟಿಯ ಪಟ್ಟಿ ಹೀಗಿರಬೇಕು: ಸಿ +5.9, ಸಿ ಶಾರ್ಪ್ 0, ಡಿ +2, ಇ ಫ್ಲಾಟ್ +3.9, ಇ -2, ಎಫ್ +7.8, ಎಫ್ ಶಾರ್ಪ್ -2, ಜಿ +3.9, ಜಿ ಶಾರ್ಪ್ +2, ಬಿ ಫ್ಲಾಟ್ +5.9, ಬಿ -3.9. ಕೆಲವು ಆ್ಯಪ್‌ಗಳು ಸಿಯನ್ನು ಸೊನ್ನೆ ಮಾಡುತ್ತವೆ. ಆಗ ಎ 5.9 ಸೆಂಟ್ ಕೆಳಗೆ ಬೀಳುತ್ತದೆ, 440 ಅಂದುಕೊಂಡದ್ದು 438.5 ಆಗಿರುತ್ತದೆ. ಫ್ಲೂಟಿನವರು ಇಡೀ ಸಂಜೆ ಶ್ರುತಿ ಇಳಿಸುತ್ತಿರಬೇಕು.

ಅಂತರಗಾಂಧಾರ:
ಡಿ ಮೇಜರ್ ಕಾನ್ಚೆರ್ಟೊ ಆದ್ದರಿಂದ ಒಂದು ಸಲಹೆ. ವಲ್ಲೊಟ್ಟಿಯನ್ನೇ ಒಂದು ಹೆಜ್ಜೆ ಶಾರ್ಪ್ ಕಡೆಗೆ ಸರಿಸಿ. ಎಫ್-ಸಿ ಪಂಚಮವನ್ನು ಶುದ್ಧ ಬಿಡಿ, ಬದಲಿಗೆ ಬಿ3-ಎಫ್ ಶಾರ್ಪ್4 ಅನ್ನು 1.7 ಬೀಟ್ ಬರುವಂತೆ ಕಿರಿದು ಮಾಡಿ. ಮಿಕ್ಕ ಕ್ರಮವೆಲ್ಲ ಮಂದ್ರತಂತಿ ಅವರು ಬರೆದಂತೆಯೇ. ಇದನ್ನು 1800ರಲ್ಲಿ ಪ್ರಕಟಿಸಿದವರು ಥಾಮಸ್ ಯಂಗ್, ಭೌತಶಾಸ್ತ್ರದಲ್ಲಿ ಯಂಗ್ಸ್ ಮಾಡ್ಯುಲಸ್ ಓದಿದವರಿಗೆ ಪರಿಚಿತ ಹೆಸರು. ಡಿ-ಎಫ್ ಶಾರ್ಪ್ ಗಾಂಧಾರ 396ರಿಂದ 392.2ಕ್ಕೆ, ಎ-ಸಿ ಶಾರ್ಪ್ 400ರಿಂದ 396ಕ್ಕೆ ಇಳಿಯುತ್ತದೆ. ಮೊದಲ ಭಾಗದ ಉದ್ದನೆಯ ಸೋಲೊದಲ್ಲಿ ಎ ಮೇಜರ್ ಮೇಲೆ ನಿಂತು ಡಿಗೆ ಮರಳುವ ಜಾಗದಲ್ಲಿ ಈ 4 ಸೆಂಟ್ ಚೆನ್ನಾಗಿ ಕೇಳಿಸುತ್ತದೆ. ಎಫ್ ಶಾರ್ಪ್-ಎ ಶಾರ್ಪ್ ಮಾತ್ರ 407.8ರಲ್ಲೇ ಉಳಿಯುತ್ತದೆ. ಬಿ ಮೈನರ್ ನಿಲುಗಡೆಯ ಆ ಬಿಗು ನನಗಂತೂ ಇಷ್ಟ.

440ರಲ್ಲಿ ಬಾಖ್ ನುಡಿಸುವುದಕ್ಕೆ ಸಂಕೋಚ ಬೇಡ. 415 ಅನ್ನುವುದು 440ಕ್ಕಿಂತ ಸರಿಯಾಗಿ ಒಂದು ಸೆಮಿಟೋನ್ ಕೆಳಗೆ ಎಂಬ ಅನುಕೂಲಕ್ಕೆ 20ನೇ ಶತಮಾನದಲ್ಲಿ ನಿಂತ ರೂಢಿ. ಆ ಕಾಲದಲ್ಲಿ ಊರಿಗೊಂದು ಶ್ರುತಿ ಇತ್ತು: ಫ್ರಾನ್ಸ್‌ನಲ್ಲಿ 392ರ ಆಸುಪಾಸು, ಜರ್ಮನಿಯ ಚರ್ಚ್ ಆರ್ಗನ್‌ಗಳಲ್ಲಿ 465ರ ಆಸುಪಾಸು, ಹ್ಯಾಂಡೆಲ್‌ನದು ಎನ್ನಲಾದ ಫೋರ್ಕ್ 422.5. ಲೈಪ್‌ಜಿಗ್‌ನಲ್ಲಿ ಆರ್ಗನ್ ಉಳಿದ ವಾದ್ಯಗಳಿಗಿಂತ ಒಂದು ಟೋನ್ ಮೇಲಿದ್ದದ್ದರಿಂದ ಕಾಂಟಾಟಾಗಳ (ವಾದ್ಯಗಳೊಂದಿಗೆ ಹಾಡುವ ಕೃತಿಗಳು) ಆರ್ಗನ್ ಭಾಗವನ್ನು ಒಂದು ಟೋನ್ ಇಳಿಸಿ ಬರೆಯುತ್ತಿದ್ದರು. ಬಿರಡೆ ಅವರು ಹೇಳಿದ ‘ಎರಡು ಹೆಜ್ಜೆ’ಯ ಸಂಗತಿ ಅಲ್ಲೂ ಎದುರಾಗುತ್ತಿತ್ತು: ವಾದ್ಯವೃಂದ ಸಿ ಮೇಜರ್‌ನಲ್ಲಿದ್ದರೆ ಆರ್ಗನ್ ಬಿ ಫ್ಲಾಟ್ ಮೇಜರ್‌ನ ಗಾಂಧಾರ ನುಡಿಸುತ್ತಿತ್ತು.

ಮಂದ್ರತಂತಿ:
ಸರಿಸುವ ಕೆಲಸದ ಬಗ್ಗೆ ಯಾರೂ ಹೇಳಿಲ್ಲ, ಅದನ್ನೂ ಬರೆಯುತ್ತೇನೆ. ಮೊದಲು ಕಪ್ಲರ್ (ಎರಡು ಕೀಬೋರ್ಡ್ ಜೋಡಿಸುವ ಕೊಂಡಿ) ಬಿಡಿಸಿ, ರಿಜಿಸ್ಟರ್‌ಗಳನ್ನೆಲ್ಲ ಆಫ್ ಮಾಡಿ. ಬಲತುದಿಯ ಮರದ ತುಂಡನ್ನು ತೆಗೆದು, ಕೀಬೋರ್ಡನ್ನು ಬಲಕ್ಕೆ ಸರಿಸಿ, ಆ ತುಂಡನ್ನು ಎಡಕ್ಕೆ ಕೂರಿಸಿ. ಸರಿಸುವಾಗ ತಡೆದರೆ ಬಲ ಹಾಕಬೇಡಿ, ಯಾವುದೋ ಜ್ಯಾಕ್ (ತಂತಿ ಮಿಡಿಯುವ ಕಡ್ಡಿ) ಕೀಗಳ ಸಂದಿಗೆ ಇಳಿದಿರುತ್ತದೆ. ಆಮೇಲೆ ಪ್ರತಿ ಕೀ ಒಂದೊಂದಾಗಿ ಒತ್ತಿ ನೋಡಿ. ಒಂದು ಕೀಗೆ ಎರಡು ಸ್ವರ ಬಂದರೆ ಜ್ಯಾಕ್ ಪಕ್ಕದ ಕೀಯನ್ನು ತಾಗುತ್ತಿದೆ. ಕೈ ಬಿಟ್ಟ ಮೇಲೂ ತಂತಿ ಮೊಳಗುತ್ತಿದ್ದರೆ ಹೊಸ ಕೀಯ ಹಿಂತುದಿ ಸ್ವಲ್ಪ ಎತ್ತರವಿದ್ದು ಡ್ಯಾಂಪರ್ ತಂತಿಯ ಮೇಲೆ ಕೂರುತ್ತಿಲ್ಲ.

ಪಿನ್ನನ್ನು ತಿರುಗಿಸಿ, ಬಗ್ಗಿಸಬೇಡಿ. ಬಗ್ಗಿಸಿ ಪಡೆದ ಶ್ರುತಿ ಹತ್ತು ನಿಮಿಷದಲ್ಲಿ ವಾಪಸ್ ಹೋಗುತ್ತದೆ. ಈ ಸ್ಥಾನದಲ್ಲಿ ಪ್ರತಿ ಸಾಲಿನ ಅತಿ ಕೆಳಗಿನ ತಂತಿಗೆ ಕೀ ಇರುವುದಿಲ್ಲ, ಆದರೂ ಅದನ್ನು ಸಡಿಲ ಬಿಡಬೇಡಿ, ಎಳೆತ ಹಾಗೇ ಇರಲಿ.

ಸಭಾಂಗಣದ ಎಸಿ ಮತ್ತು ದೀಪಗಳನ್ನು ಕಛೇರಿಯ ಹೊತ್ತಿನಲ್ಲಿ ಹೇಗಿರುತ್ತವೋ ಹಾಗೆಯೇ ಇಟ್ಟು ಶ್ರುತಿ ಮಾಡಿ. ದೀಪದ ಬಿಸಿಗೆ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ ಕೆಳಗಿನ ಸ್ವರಗಳು ಹೆಚ್ಚು ಇಳಿಯುತ್ತವೆ. ತೇವ ಹೆಚ್ಚಾದರೆ ಸೌಂಡ್‌ಬೋರ್ಡ್ ಉಬ್ಬಿ ಶ್ರುತಿ ಏರುತ್ತದೆ, ಅದು ನಿಧಾನಕ್ಕೆ. ವಿರಾಮದಲ್ಲಿ ಟೆಂಪರಮೆಂಟ್ ಮುಟ್ಟಲು ಹೋಗಬೇಡಿ, ಸಮಯ ಸಾಲದು. ಎರಡು 8 ಅಡಿ ಸಾಲುಗಳ ಯೂನಿಸನ್ ನೋಡಿ, ಹಿತ್ತಾಳೆ ತಂತಿ ಶುರುವಾಗುವ ಕಡೆಯ ಆಕ್ಟೇವ್‌ಗಳನ್ನು ನೋಡಿ. 4 ಅಡಿ ಹೊಂದದಿದ್ದರೆ ಆಫ್ ಮಾಡಿಯೇ ನುಡಿಸಿ.