ಸಹಾಯ ಬೇಕು: ಶಾನಭಾಗ ಅಡ್ಡಹೆಸರಿನ ಹಳೆಯ ಬೇರು

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ ಕಡೆಯ ಶಾನಭಾಗ ಕುಟುಂಬ. ಈ ಅಡ್ಡಹೆಸರು ನಮ್ಮ ಮನೆಗೆ ಯಾವಾಗ ಅಂಟಿತು ಅಂತ ಹುಡುಕುತ್ತಿದ್ದೇನೆ.

ಹೊಯ್ಸಳರ ಕಾಲದ ಶಾಸನಗಳಲ್ಲಿ 'ಸೇನಬೋವ' ಬರುತ್ತಾನೆ. ಊರಿನ ಲೆಕ್ಕ ಬರೆಯುವವನು. ಕೆಲವು ಕಲ್ಲುಗಳಲ್ಲಿ ದಾನದ ವಿವರ, ಶಾಪದ ಶ್ಲೋಕ ಎಲ್ಲ ಮುಗಿದ ಮೇಲೆ ಬರೆದವನು ಅಂತ ಇವನ ಹೆಸರಿರುತ್ತದೆ. ಅದೇ ಮುಂದೆ ಶಾನುಭೋಗ, ಶಾನಭಾಗ ಆಯಿತು. ಆದರೆ ಅದು ಹುದ್ದೆ, ವಂಶವಲ್ಲ. ಕಲ್ಲಿನ ಮೇಲಿನ ಸೇನಬೋವನೇ ನಮ್ಮ ಮೂಲಪುರುಷ ಅಂತ ಸುಮ್ನೆ ಹೇಳಿಕೊಳ್ಳೋಕೆ ಆಗಲ್ಲ ಅಲ್ವಾ?

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ 8ನೇ ಸಂಪುಟ ನೋಡಿದೆ. ಆಗ ಮೈಸೂರು ಸಂಸ್ಥಾನದಲ್ಲಿದ್ದ ಸೊರಬ, ಸಾಗರದ ಶಾಸನಗಳು ಇವೆ. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು, ಹಾಗಾಗಿ ನಮ್ಮ ಕಡೆಯವು ಅದರಲ್ಲಿಲ್ಲ. ಕುಮಟಾ, ಹೊನ್ನಾವರ, ಗೇರುಸೊಪ್ಪೆಯ ಶಾಸನಪಾಠ ಯಾರ ಹತ್ತಿರವಾದರೂ ಇದೆಯಾ?

ಇನ್ನೊಂದು. ಅಟ್ಟದಲ್ಲಿ ಒಂದು ಕಡತ ಸಿಕ್ಕಿದೆ. ಹುಣಸೆಬೀಜದ ಅಂಟು, ಇದ್ದಿಲು ಬಳಿದ ಕಪ್ಪು ಬಟ್ಟೆ, ಮೇಲೆ ಬಳಪದ ಬರಹ. ಮಡಿಕೆ ಇರುವಲ್ಲೆಲ್ಲ ಅಕ್ಷರ ಅಳಿಸಿದೆ. ಅರ್ಧ ಕನ್ನಡ, ಉಳಿದದ್ದು ಮೋಡಿ (ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಲಿಪಿ). ಒರೆಸಿದರೆ ಇದ್ದದ್ದೂ ಹೋಗುತ್ತದೆ ಅಂತ ಧೂಳು ಕೂಡ ತೆಗೆದಿಲ್ಲ. ಮೋಡಿ ಓದಬಲ್ಲವರು ದಯವಿಟ್ಟು ಮೆಸೇಜ್ ಮಾಡಿ, ಫೋಟೋ ಕಳಿಸುತ್ತೇನೆ.