ಲೇಸರ್‌ನಲ್ಲಿ ಹಲ್ಲು ಕ್ಲೀನಿಂಗ್ ಮಾಡಿಸಿದವರು ಯಾರಾದ್ರೂ ಇದ್ದೀರಾ?

ಬೇವಿನಕಡ್ಡಿ:
ಬ್ರಷ್ ಮಾಡುವಾಗ ವಸಡಿನಿಂದ ರಕ್ತ ಬರುತ್ತೆ ಅಂತ ಮನೆ ಹತ್ತಿರದ ಕ್ಲಿನಿಕ್‌ಗೆ ಹೋಗಿದ್ದೆ. ಮಾಮೂಲಿ ಕ್ಲೀನಿಂಗ್ 1,200, ಲೇಸರ್ ಆದರೆ 6,000 ಅಂದರು. ನೋವೇ ಇರಲ್ಲ, ಹಲ್ಲೂ ಸಡಿಲ ಆಗಲ್ಲ ಅಂತೆ. ನಮ್ಮಮ್ಮ ಮೊದಲಿಂದಲೂ ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡುತ್ತೆ ಅಂತಲೇ ಹೇಳಿಕೊಂಡು ಬಂದಿದ್ದಾರೆ, ಹಾಗಾಗಿ ನನಗೂ ಸ್ವಲ್ಪ ಅಳುಕು. ಏನು ಮಾಡಲಿ?

ವಸಡುಡಾಕ್ಟ್ರು:
ಯಾವ ಲೇಸರ್ ಅಂತ ಕೇಳಿದ್ರಾ? ಹೆಚ್ಚಿನ ಕಡೆ ಇರುವುದು ಡಯೋಡ್, ಬೆಳಕಿನ ತರಂಗಾಂತರ 810 ಅಥವಾ 980 ನ್ಯಾನೋಮೀಟರಿನದು. ಅದರ ಬೆಳಕನ್ನು ಹೀರಿಕೊಳ್ಳುವುದು ರಕ್ತ ಮತ್ತು ವಸಡಿನ ಕಪ್ಪು ಬಣ್ಣ. ಅದಕ್ಕೇ ವಸಡು ಕತ್ತರಿಸೋಕೆ, ರಕ್ತ ನಿಲ್ಲಿಸೋಕೆ ಚೆನ್ನಾಗಿದೆ, ಆದರೆ ಕಲ್ಲಿನಂತೆ ಗಟ್ಟಿಯಾದ ಪಾಚಿಯನ್ನು ಅದು ಕೀಳುವುದಿಲ್ಲ. ಕೀಳಬಲ್ಲದ್ದು ಎರ್ಬಿಯಂ ಲೇಸರ್, 2,940 ನ್ಯಾನೋಮೀಟರ್. ಅದು ಪಾಚಿಯೊಳಗಿನ ನೀರನ್ನು ತಟ್ಟನೆ ಆವಿ ಮಾಡಿ ಸಿಡಿಸುತ್ತೆ. ಯಂತ್ರ ಬಲು ದುಬಾರಿ, ಎಲ್ಲರ ಹತ್ತಿರ ಇರಲ್ಲ.

ಇನ್ನೊಂದು, ವಸಡಿನ ಸಂದಿಗೆ ಸಣ್ಣ ಕಡ್ಡಿ ಇಳಿಸಿ ಆಳ ಅಳೆದರಾ? 3 ಮಿಲಿಮೀಟರ್ ಒಳಗಿದ್ದರೆ ಲೇಸರ್ ಮಾತೇ ಬೇಡ. ಆಳ ಜಾಸ್ತಿ ಇದ್ದರೂ ಮೊದಲು ಸ್ಕೇಲಿಂಗೇ, ಅಂದ್ರೆ ಪಾಚಿ ತೆಗೆಯುವ ಮಾಮೂಲಿ ಕ್ಲೀನಿಂಗ್. 2015ರಲ್ಲಿ ಅಮೆರಿಕದ ಡೆಂಟಲ್ ಅಸೋಸಿಯೇಷನ್ನಿನವರೂ ಸ್ಕೇಲಿಂಗ್ ಜೊತೆಗೆ ಬರೀ ಡಯೋಡ್ ಸೇರಿಸುವುದನ್ನು ಶಿಫಾರಸು ಮಾಡಲಿಲ್ಲ.

ಚಕ್ಕುಲಿಪ್ರಿಯೆ:
ನಾನು ಮಾಡಿಸಿದ್ದೆ ಕಣ್ರೀ. ಕಣ್ಣಿಗೆ ಬಣ್ಣದ ಕನ್ನಡಕ ಹಾಕಿದರು, ಏನೋ ಸುಟ್ಟ ವಾಸನೆ ಬಂತು, ನೋವೇನೂ ಇರಲಿಲ್ಲ. ಆದರೆ ಅದಕ್ಕೂ ಮುಂಚೆ ಅರ್ಧ ಗಂಟೆ ಅದೇ ಹಳೇ ಗುಂಯ್ ಅನ್ನೋ ಮಷೀನು, ಅದೇ ನೀರು ಚಿಮ್ಮೋದು! ಪಾಚಿ ತೆಗೆದಿದ್ದು ಅದೇ ಅಲ್ವಾ, ಹಾಗಾದ್ರೆ ಮಿಕ್ಕ ದುಡ್ಡು ಯಾತಕ್ಕೆ ಕೊಟ್ಟೆ ಅಂತ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ವಸಡುಡಾಕ್ಟ್ರು:
ಅದೇ ನೋಡಿ 😄 @ಬೇವಿನಕಡ್ಡಿ, ಅಮ್ಮನ ಮಾತೂ ಪೂರ್ತಿ ಸುಳ್ಳಲ್ಲ. ಪಾಚಿಯಿಂದ ವಸಡು ಊದಿ, ಒಳಗಿನ ಎಲುಬು ಎಷ್ಟೋ ವರ್ಷದಿಂದ ಸವೆದಿರುತ್ತೆ. ಆ ಪಾಚಿಯೇ ಸಿಮೆಂಟಿನ ಥರ ಸಡಿಲ ಹಲ್ಲನ್ನು ಪಕ್ಕದ ಹಲ್ಲಿಗೆ ಹಿಡಿದುಕೊಂಡಿರುತ್ತೆ. ತೆಗೆದ ದಿನ ಅಲ್ಲಾಡೋದು ಗೊತ್ತಾಗುತ್ತೆ, ಬೈಗುಳ ಮಾತ್ರ ನಮಗೆ.

ಬೇವಿನಕಡ್ಡಿ:
ಫೋನ್ ಮಾಡಿ ಕೇಳಿದೆ, ಡಯೋಡೇ ಅಂತೆ. ಕಡ್ಡಿ ಹಾಕಿ ಅಳೆದಿರಲೂ ಇಲ್ಲ. ಬೇರೆ ಕಡೆ ಮಾಮೂಲಿ ಸ್ಕೇಲಿಂಗ್‌ಗೇ ಹೇಳಿದ್ದೇನೆ, ಸೋಮವಾರ. ಅಮ್ಮನೂ ಬರ್ತಾರಂತೆ, ನೋಡೋಕೆ ಮಾತ್ರ.