ಪದಚರ್ಚೆ: ಬೂಟೋ, ಗವಸೋ, ತಿದಿಯೋ?

ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ) ಜೀಪಿನ ಮುಂದಿನ ಎಕ್ಸೆಲಿನ ತುದಿಯಲ್ಲಿ, ಚಕ್ರದ ಹತ್ತಿರ, ಒಂದು ಕೀಲು ಇರುತ್ತದೆ. ಚಕ್ರ ಎಡಕ್ಕೆ ಬಲಕ್ಕೆ ತಿರುಗಿದರೂ, ಗುಂಡಿಗೆ ಇಳಿದು ಎದ್ದರೂ ಎಂಜಿನ್ನಿನ ತಿರುಗುಬಲ ಮಾತ್ರ ಕಡಿಯದೆ ಚಕ್ರಕ್ಕೆ ಮುಟ್ಟುವುದು ಈ ಕೀಲಿನಿಂದ. ಅದರ ಮೇಲೆ ನಿರಿಗೆ ಹಿಡಿದಂಥ ಕಪ್ಪು ರಬ್ಬರಿನ ಹೊದಿಕೆ ಇದೆಯಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು?

ಗ್ಯಾರೇಜಿನಲ್ಲಿ ಎಲ್ಲರೂ ‘ಬೂಟು’ ಅನ್ನುತ್ತಾರೆ, ಅದು ಗೊತ್ತಿದ್ದೇ ಕೇಳುತ್ತಿದ್ದೇನೆ. ಬಳ್ಳಾರಿಯಲ್ಲಿ ಐಟಿಐ ಹುಡುಗರಿಗೆ ಪಾಠ ಹೇಳುವವನು ನಾನು. ಹರಿದ ಬೂಟು ಬದಲಿಸುವ ಕೆಲಸದ ಮೇಲೆ ನಾಲ್ಕು ಪುಟದ ಕನ್ನಡ ಹಾಳೆ ಬರೆಯಲು ಕೂತೆ. ಮೊದಲ ಸಾಲು, ‘ಕೆಲಸ ಶುರು ಮಾಡುವ ಮುನ್ನ ಬೂಟು ಹಾಕಿಕೊಳ್ಳಿ’. ಐದನೇ ಸಾಲು, ‘ಹರಿದ ಬೂಟನ್ನು ಕತ್ತರಿಸಿ ಬಿಸಾಡಿ’. ಕುರುಗೋಡು ಕಡೆಯ ಹುಡುಗನೊಬ್ಬ ಓದಿ, ತನ್ನ ಕಾಲು ನೋಡಿಕೊಂಡು, ‘ಇವು ಇನ್ನೂ ಹರಿದಿಲ್ಲ ಸಾರ್’ ಅಂದ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಹಾಳೆ ಅಲ್ಲಿಗೇ ನಿಂತಿದೆ.

ಈ ರಬ್ಬರಿನ ಮೇಲೆ ನನಗೆ ಇಷ್ಟು ಮುತುವರ್ಜಿ ಬಂದದ್ದಕ್ಕೆ ಸ್ವಂತದ ಕಾರಣವೂ ಇದೆ. ಹೋದ ತಿಂಗಳು ಗೆಳೆಯನ ಜೀಪಿನಲ್ಲಿ ಸಂಡೂರಿನ ಗುಡ್ಡದ ಸೆರಗಿಗೆ ಹೋಗಿದ್ದೆವು. ದಾರಿ ತಪ್ಪಿ ಜಾಲಿಯ ಮೆಳೆಯೊಳಗೆ ನುಗ್ಗಿದೆವು. ನಾಡೆಲ್ಲ ‘ಬಳ್ಳಾರಿ ಜಾಲಿ’ ಎಂದು ನಮ್ಮೂರ ಹೆಸರು ಅಂಟಿಸಿರುವ ಅದೇ ಗಿಡ. (ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಗಿಡಕ್ಕೆ ನಮ್ಮ ಊರು ಯಾಕೆ ಹೊಣೆ ಎಂಬುದು ಬೇರೆಯೇ ಚರ್ಚೆ.) ಒಣಗಿದ ಟೊಂಗೆಯೊಂದು ಕೆಳಗೆ ಸಿಕ್ಕಿ ಬೂಟನ್ನು ಸೀಳಿತ್ತು. ನಮಗೆ ಗೊತ್ತಾದದ್ದು ಊರಿಗೆ ಬಂದ ಮೇಲೆ, ಚಕ್ರದ ಒಳಮೈಗೆಲ್ಲ ಕರಿ ಗ್ರೀಸ್ ಸಿಡಿದು ಅದರ ಮೇಲೆ ಅದಿರಿನ ಕೆಂಪು ಧೂಳು ಅಂಟಿಕೊಂಡಿದ್ದನ್ನು ಕಂಡಾಗ.

ಮೇಸ್ತ್ರಿ ಬಗ್ಗಿ ನೋಡಿ ಒಂದೇ ಮಾತು ಹೇಳಿದ: ‘ಬೂಟು ಹರ್ದೈತೆ, ಗ್ರೀಸೆಲ್ಲ ಕಾರೈತೆ’. ಕಾರು ಗ್ರೀಸ್ ಕಾರುವುದು! ‘ಸೋರಿಕೆ’ ಎಂದು ನಾನು ಹಾಳೆಯಲ್ಲಿ ಬರೆದದ್ದನ್ನು ಅಂದೇ ಹೊಡೆದುಹಾಕಿದೆ. ಸೋರುವುದು ತನ್ನಷ್ಟಕ್ಕೆ ತಾನೇ ಹನಿಯುವುದಕ್ಕೆ. ಇಲ್ಲಿ ಎಕ್ಸೆಲ್ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಎಸೆಯಲ್ಪಡುತ್ತದೆ. ಅದಕ್ಕೆ ಕಾರುವುದೇ ಸರಿ.

ಅವನ ಬಾಯಲ್ಲಿ ‘ಹರಿ’, ‘ಬಿರಿ’ ಕೂಡ ಬೇರೆ ಬೇರೆ. ನಿರಿಗೆಯ ಸಂದಿಯಲ್ಲಿ ರಬ್ಬರು ಬಿಸಿಲಿಗೆ ಗೆರೆಗೆರೆಯಾಗಿ ಸೀಳು ಬಿಟ್ಟಿದ್ದರೆ ‘ಬೂಟು ಬಿರ್ದೈತೆ’. ಗ್ರೀಸು ಇನ್ನೂ ಒಳಗೇ ಇದೆ, ಬೇಗ ಬೂಟು ಬದಲಿಸಿದರೆ ಕೀಲು ಉಳಿಯುತ್ತದೆ. ‘ಹರ್ದೈತೆ’ ಅಂದರೆ ಮಣ್ಣು ಒಳಗೆ ಹೋಗಿದೆ, ಕೀಲು ಬಿಚ್ಚಿ ತೊಳೆದು ಒಳಗಿನ ಉಕ್ಕಿನ ಗುಂಡುಗಳನ್ನು ಒಂದೊಂದಾಗಿ ನೋಡಲೇಬೇಕು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೋದಾಗ ‘ಕಟಕಟ’ ಅಂತಿದೆಯೋ, ಆಗ ಬೂಟಿನ ಮಾತೇ ಇಲ್ಲ, ಕೀಲೇ ಹೋಗಿದೆ. ಪಠ್ಯಪುಸ್ತಕದ ಒಂದು ಪುಟ ಮೂರು ಕ್ರಿಯಾಪದಗಳಲ್ಲಿ ಮುಗಿಯಿತು.

ಈಗ ಹೆಸರಿನ ವಿಚಾರ. ಹೊಸ ಬೂಟು ಬಂದ ಡಬ್ಬಿಯ ಮೇಲೆ ನಾಲ್ಕಾರು ಭಾಷೆಯಲ್ಲಿ ಹೆಸರು ಮುದ್ರಿಸಿತ್ತು, ಕನ್ನಡ ಒಂದು ಬಿಟ್ಟು. ಇಂಗ್ಲಿಷಿನವರಿಗೆ ಅದು ಕಾಲಿಗೆ ಹಾಕುವ ಬೂಟು. ಅದೇ ಇಂಗ್ಲಿಷಿನ ಬ್ರಿಟನ್ ಕಡೆಯವರು ‘ಗೇಟರ್’ ಅಂತಲೂ ಅನ್ನುತ್ತಾರೆ, ಅಂದರೆ ಮೊಣಕಾಲ ಕೆಳಗೆ ತೊಡುವ ಕಾಲುಹೊದಿಕೆ. ಜರ್ಮನರಿಗೆ ‘ಮಾನ್‌ಷೆಟ್ಟೆ’, ಅಂಗಿಯ ತೋಳಿನ ಕಫ್. ಫ್ರೆಂಚರಿಗೆ ‘ಸೂಫ್ಲೆ’, ಅಂದರೆ ಕಮ್ಮಾರನ ತಿದಿ, ಕುಲುಮೆಗೆ ಗಾಳಿ ಊದುವ ತೊಗಲಿನ ಚೀಲ. ಲ್ಯಾಟಿನ್ ಅಮೆರಿಕದ ಸ್ಪ್ಯಾನಿಷಿನವರು ‘ಗ್ವಾರ್ದಾಪೋಲ್ವೊ’, ಅಂದರೆ ಧೂಳುಗಾಪು, ಎಂದು ಸೀದಾ ಕೆಲಸವನ್ನೇ ಹೆಸರು ಮಾಡಿಕೊಂಡಿದ್ದಾರೆ. ಒಂದೇ ರಬ್ಬರು. ಒಬ್ಬರಿಗೆ ಕಾಲು ಕಂಡಿತು, ಒಬ್ಬರಿಗೆ ಕೈ, ಒಬ್ಬರಿಗೆ ಕುಲುಮೆ.

ನನಗೆ ಮೊದಲು ಹೊಳೆದದ್ದು ‘ಗವಸು’. ಕೈಗವಸು ಹಳೆಯದು, ಮುಖಗವಸು 2020ರ ನಂತರ ಎಲ್ಲರ ಬಾಯಿಗೂ ಬಂತು. ಹಾಗಾದರೆ ‘ಕೀಲುಗವಸು’ ಯಾಕಾಗಬಾರದು? ಹುಡುಗರಿಗೆ ಹೇಳಿ ನೋಡಿದೆ, ವಿವರಿಸದೆಯೇ ಅರ್ಥವಾಯಿತು.

ಆದರೆ ಮೇಸ್ತ್ರಿ ನನ್ನನ್ನು ಬೇರೆ ದಾರಿಗೆ ಹಚ್ಚಿದ. ಎಕ್ಸೆಲ್ ಹೊರಗೆ ತೆಗೆದು, ಹಳೆಯ ಕ್ಲಿಪ್ಪುಗಳನ್ನು ಕತ್ತರಿಸಿ, ಕೀಲು ತೊಳೆದು ಒರೆಸಿ, ಕಿಟ್ಟಿನ ಜೊತೆ ಬಂದಿದ್ದ ಕರಿ ಗ್ರೀಸನ್ನು ಗುಂಡುಗಳ ಸಂದಿಗೆಲ್ಲ ಹೆಬ್ಬೆರಳಿಂದ ಒತ್ತಿ ತುಂಬಿದ. ಹೊಸ ಬೂಟಿನ ಸಣ್ಣ ಬಾಯಿ ಎಕ್ಸೆಲಿನ ಮೇಲಿನ ತೋಡಿಗೆ, ದೊಡ್ಡ ಬಾಯಿ ಕೀಲಿನ ಬಟ್ಟಲಿಗೆ ಕೂತವು. ಕೊನೆಯ ಕ್ಲಿಪ್ಪು ಬಿಗಿಯುವ ಮುಂಚೆ ಮೊಂಡು ಸ್ಕ್ರೂಡ್ರೈವರಿನಿಂದ ಸಣ್ಣ ಬಾಯಿಯ ಅಂಚನ್ನು ಸ್ವಲ್ಪ ಎತ್ತಿದ. ಒಳಗೆ ಸಿಕ್ಕಿಬಿದ್ದಿದ್ದ ಗಾಳಿ ಪುಸ್ಸೆಂದು ಹೊರಗೆ ಬಂತು, ಉಬ್ಬಿದ್ದ ನಿರಿಗೆಗಳು ಸರಿಯಾಗಿ ಕೂತವು. ‘ತಿತ್ತಿ ಉಸಿರು ಬಿಡ್ಬೇಕು ಸಾರ್, ಇಲ್ಲಾಂದ್ರೆ ಉಬ್ಬಿಕೊಂಡು ಬೇಗ ಹರೀತದೆ’ ಅಂದ.

ತಿತ್ತಿ! ಅವನ ಮನೆಮಾತು ತೆಲುಗು. ಅಲ್ಲಿ ‘ಕೊಲಿಮಿ ತಿತ್ತಿ’ ಅಂದರೆ ಕುಲುಮೆಯ ತಿದಿ. ಅವನ ತಾತ ನೇಗಿಲ ಕುಳ ತಟ್ಟುತ್ತಿದ್ದವರಂತೆ. ಫ್ರೆಂಚರ ಡಬ್ಬಿಯ ಮಾತನ್ನೇ ಬಳ್ಳಾರಿಯ ಮೇಸ್ತ್ರಿ ಡಬ್ಬಿ ಓದದೆ ಹೇಳಿದ್ದ. ನಮ್ಮ ತಿದಿಯೂ ತೊಗಲಿನದೇ, ಅದೂ ಮಡಿಕೆ ಮಡಿಕೆಯೇ, ಹಿಗ್ಗಿ ಕುಗ್ಗುವುದೇ ಅದರ ಬಾಳು. ಚಕ್ರ ತಿರುಗಿದಾಗೆಲ್ಲ ಈ ರಬ್ಬರು ಮಾಡುವುದೂ ಅದನ್ನೇ. ಒಂದು ಕಡೆ ನಿರಿಗೆ ಬಿಚ್ಚುತ್ತದೆ, ಇನ್ನೊಂದು ಕಡೆ ಒತ್ತಿಕೊಳ್ಳುತ್ತದೆ. ಗವಸು ಸುಮ್ಮನೆ ಮುಚ್ಚುತ್ತದೆ ಅಷ್ಟೆ, ಉಸಿರಾಡುವುದಿಲ್ಲ. ಹೀಗಾಗಿ ‘ಕೀಲುತಿದಿ’ ನನಗೆ ಹೆಚ್ಚು ಹಿಡಿಸಿದೆ. ತೊಡಕು ಒಂದೇ: ಹುಡುಗರಲ್ಲಿ ತಿದಿ ಕಂಡವರು ಇಬ್ಬರೋ ಮೂವರೋ. ಹಾರ್ಮೋನಿಯಂ ತೋರಿಸಿ ವಿವರಿಸಬೇಕಾಯಿತು.

‘ಕೀಲು’ ಬಗ್ಗೆ ನನಗೆ ಅನುಮಾನವಿಲ್ಲ. ಬಾಗಿಲ ಕೀಲು, ಮೊಣಕಾಲ ಕೀಲು, ಗಾಡಿಯ ಕಡೆಗೀಲು, ಎಲ್ಲ ಇದೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಮಸಿ ಕಲಸಿ ಗಾಡಿಯ ಇರುಸಿಗೆ ಹಚ್ಚುತ್ತಿದ್ದ ‘ಕೀಲೆಣ್ಣೆ’ಯಂತೂ ಇಲ್ಲಿಗೆ ಹೇಳಿ ಮಾಡಿಸಿದ್ದು. ಬೂಟಿನೊಳಗಿನ ಗ್ರೀಸಿಗೆ ಮಾಲಿಬ್ಡಿನಂ ಡೈಸಲ್ಫೈಡ್ ಎಂಬ ಕರಿ ಪುಡಿ ಬೆರೆಸಿರುತ್ತಾರೆ, ಅದಕ್ಕೇ ಆ ಕಪ್ಪು. ಕೀಲೆಣ್ಣೆಯಲ್ಲಿ ಮಸಿ, ಇದರಲ್ಲಿ ಮಾಲಿ. ನಮ್ಮ ಅಜ್ಜ ಗಾಡಿಯಡಿಗೆ ಗೊಟ್ಟದಲ್ಲಿ ತೂಗುಹಾಕಿದ್ದನ್ನು ಕಂಪನಿಯವರು ಸ್ಯಾಶೆಯಲ್ಲಿ ಕೊಡುತ್ತಾರೆ. ಎಕ್ಸೆಲಿಗೆ ‘ಇರುಸು’ ಬರೆದೆ. ‘ಅಚ್ಚು’ ಬರೆದರೆ ಬೆಲ್ಲದಚ್ಚು, ಅಚ್ಚುಮೊಳೆ ನೆನಪಾಗುತ್ತವೆ. ಇರುಸಾದರೆ ತೆಲುಗಿನ ಹುಡುಗರಿಗೂ ಅದೇ ಮಾತು.

ಇನ್ನೊಂದು ಕಡೆ ಮಾತ್ರ ಸಿಕ್ಕಿಕೊಂಡಿದ್ದೇನೆ. ಈ ಕೀಲಿಗೆ ಗ್ಯಾರೇಜಿನವರು ಅನ್ನುವ ‘ಸಿ.ವಿ. ಜಾಯಿಂಟ್’ ಬಿಡಿಸಿದರೆ ‘ಕಾನ್‌ಸ್ಟಂಟ್ ವೆಲಾಸಿಟಿ’. ಅದನ್ನು ‘ಸ್ಥಿರವೇಗದ ಕೀಲು’ ಎಂದು ಅನುವಾದಿಸಿದ್ದು ನೋಡಿದ್ದೇನೆ. ಅದು ತಪ್ಪು. ವೇಗ ಸ್ಥಿರವಾಗಿರುವುದಿಲ್ಲ, ಜೀಪು ಜೋರಾದರೆ ಅದೂ ಜೋರಾಗುತ್ತದೆ. 17ನೇ ಶತಮಾನದ ರಾಬರ್ಟ್ ಹುಕ್‌ನ ಹೆಸರಿನ ಅಡ್ಡಕೀಲನ್ನು, ಈಗಲೂ ಲಾರಿಗಳ ಕೆಳಗೆ ಕಾಣುವ ಆ ಶಿಲುಬೆಯಾಕಾರದ್ದನ್ನು, 30 ಡಿಗ್ರಿ ಬಾಗಿಸಿದರೆ ಒಳಗಿನ (ಎಂಜಿನ್ ಕಡೆಯ) ದಂಡ ಒಂದೇ ಸಮ ತಿರುಗುತ್ತಿದ್ದರೂ ಹೊರಗಿನ (ಚಕ್ರದ ಕಡೆಯ) ದಂಡ ಒಂದೊಂದು ಸುತ್ತಿನಲ್ಲೂ ಎರಡು ಸಲ ಮುಗ್ಗರಿಸಿ ಎರಡು ಸಲ ಓಡುತ್ತದೆ. ವೇಗ ಒಮ್ಮೆ ಶೇ. 13ರಷ್ಟು ತಗ್ಗುತ್ತದೆ, ಒಮ್ಮೆ ಶೇ. 15ರಷ್ಟು ಏರುತ್ತದೆ. 1920ರ ದಶಕದಲ್ಲಿ ಆಲ್ಫ್ರೆಡ್ ಜೆಪ್ಪಾ ರೂಪಿಸಿದ, ಬಟ್ಟಲಿನೊಳಗೆ ಆರು ಉಕ್ಕಿನ ಗುಂಡುಗಳಿರುವ ಕೀಲಿನಲ್ಲಿ ಈ ಮುಗ್ಗರಿಕೆ ಇಲ್ಲ. ಎಷ್ಟು ಬಾಗಿದರೂ ಒಳಗಿನದೂ ಹೊರಗಿನದೂ ಕ್ಷಣಕ್ಷಣವೂ ಜೊತೆಯಾಗಿ ತಿರುಗುತ್ತವೆ. ಜರ್ಮನರ ‘ಗ್ಲೈಶ್‌ಲೌಫ್’ ಅಂದರೆ ಸರಿಸಮ ಓಟ. ಅದೇ ಸರಿ. ‘ಸಮವೇಗ’ ಆಗಬಹುದು, ಆದರೆ ಹುಡುಗರು ಅದನ್ನು ಭೌತಶಾಸ್ತ್ರದಲ್ಲಿ ಬೇರೆ ಅರ್ಥದಲ್ಲಿ ಓದಿರುತ್ತಾರೆ. ಹೆಜ್ಜೆ ಕೂಡಿದ ಜೋಡೆತ್ತು ನೆನೆದು ‘ಸರಿಹೆಜ್ಜೆ ಕೀಲು’ ಎಂದು ಬರೆದಿಟ್ಟಿದ್ದೇನೆ. ಹೆಂಡತಿ ಓದಿ, ನೃತ್ಯದ ಪುಸ್ತಕವಾ ಎಂದು ಕೇಳಿದಳು.

ಮಾರುತಿ ಜಿಪ್ಸಿ ಜೀಪು ಇಟ್ಟವರು ಈ ಚರ್ಚೆಗೆ ಬರಬೇಕಿಲ್ಲ. ಅದರ ಮುಂದಿನ ಕೀಲು ಉಕ್ಕಿನ ಗುಂಡು ಬುರುಡೆಯೊಳಗೇ ಅಡಗಿದೆ. ಹರಿಯಲು ಬೂಟೇ ಇಲ್ಲ.

ಬಲ್ಲವರಲ್ಲಿ ಕೇಳುವುದು ಇಷ್ಟು. ಕೊಪ್ಪಳ, ರಾಯಚೂರು ಕಡೆ ಕುಲುಮೆ ಇಟ್ಟ ಮನೆಗಳಲ್ಲಿ ಈಗಲೂ ತಿದಿ ಅನ್ನುತ್ತಾರೋ, ತಿತ್ತಿ ಅನ್ನುತ್ತಾರೋ, ಬೇರೆ ಮಾತಿದೆಯೋ? ತಿದಿಯ ಮಡಿಕೆಗೆ ನಿರಿಗೆಯಲ್ಲದೆ ಕಸುಬಿನ ಹೆಸರು ಏನಾದರೂ ಇದೆಯೋ? ಬೂಟಿನ ಎರಡು ತುದಿಗೆ ಬಿಗಿಯುವ ಕ್ಲಿಪ್ಪಿಗೆ ನಮ್ಮ ಮೇಸ್ತ್ರಿಯ ಹುಡುಗ ‘ಉಡಿದಾರ’ ಅಂದ. ತಮಾಷೆಗೆ ಅಂದನೋ, ಬೇರೆಯವರೂ ಅನ್ನುತ್ತಾರೋ?

ಉತ್ತರ ಬರುವವರೆಗೆ ಹಾಳೆಯಲ್ಲಿ ಆ ಶಬ್ದ ಬರುವ ಕಡೆಯೆಲ್ಲ ಜಾಗ ಖಾಲಿ ಬಿಟ್ಟು ಹುಡುಗರಿಗೆ ಕೊಟ್ಟಿದ್ದೆ. ನಿನ್ನೆ ನೋಡಿದರೆ ಎಲ್ಲರೂ ಪೆನ್ಸಿಲಿನಲ್ಲಿ ‘ಬೂಟು’ ಅಂತ ತುಂಬಿಕೊಂಡಿದ್ದಾರೆ.